ಕಾಲ್ಚೆಂಡಾಟಗಾರರ ವೇತನಕ್ಕೆ ಮೇರೆ

ಇಂಗ್ಲೆಂಡಿನ ಕಾಲ್ಚೆಂಡಾಟದ ಪಂದ್ಯಗಳನ್ನು ಕರ್ನಾಟಕದ ಅನೇಕ ಮನೆಗಳಲ್ಲಿ ಈಗ ರಾತ್ರಿ ನಿದ್ದೆಗೆಟ್ಟು ನೋಡುವವರಿದ್ದಾರೆ. ಹಾಗೆ ನೋಡುವವರ ನಡುವೆ, ಅವರಿಗಿಂತಲೂ ಹೆಚ್ಚಾಗಿ ಅವರ ಹಿರಿಯರ ನಡುವೆ, ಒಂದು ಮಾತು ಪದೇ ಪದೇ ಕೇಳಿಬರುವುದುಂಟು. ಮೀಸೆ ಮೂಡಿ ನಾಲ್ಕು ದಿನವಾಗದ ಹುಡುಗನೊಬ್ಬನಿಗೆ ಚೆಂಡನ್ನು ಒದ್ದುದಕ್ಕಾಗಿ ವಾರವೊಂದಕ್ಕೆ ದೊರೆಯುವ ಹಣವನ್ನು, ನೂರಾರು ಮಕ್ಕಳಿಗೆ ಅಕ್ಷರ ಕಲಿಸಿದ ಉಪಾಧ್ಯಾಯನು ವರ್ಷಗಟ್ಟಲೆ ದುಡಿದರೂ ಕಾಣಲಾರನು; ಇದು ಲೋಕದ ಕೇಡುಗಾಲ; ಇಷ್ಟಕ್ಕೆ ಮೇಲೆ ಕೊಡಕೂಡದೆಂದು ಯಾರಾದರೂ ಒಂದು ಕಟ್ಟಳೆಯನ್ನು ವಿಧಿಸಬೇಕು, ಎಂಬುದೇ ಆ ಮಾತು. ಆಡುವವರು ಸಜ್ಜನರು, ಅವರನ್ನು ಪ್ರೇರಿಸುವುದು ನ್ಯಾಯದ ಬಯಕೆಯೇ ಹೊರತು ಅಸೂಯೆಯೆಂದು ಹೇಳಲಾಗದು. ಆದರೆ ನ್ಯಾಯದ ಬಯಕೆಯಿಂದ ಹುಟ್ಟಿದ ಮಾತೆಲ್ಲವೂ ನ್ಯಾಯವಾದ ಮಾತೇ ಆಗಿರಬೇಕೆಂಬ ನಿಯಮವೆಲ್ಲಿಯೂ ಇಲ್ಲ.

ಈ ಮಹನೀಯರು ಸೂಚಿಸುವ ಔಷಧವು ಹೊಸದೇನೂ ಅಲ್ಲ. ಅದೇ ದೇಶದಲ್ಲಿ, ಅದೇ ಆಟದಲ್ಲಿ, ೧೯೦೧ರಿಂದ ೧೯೬೧ರ ವರೆಗೆ ಅರುವತ್ತು ವರ್ಷಗಳ ಕಾಲ ಅದನ್ನು ಕುಡಿಸಿ ನೋಡಿದ್ದಾಗಿದೆ. ಔಷಧವನ್ನು ಮತ್ತೊಮ್ಮೆ ಬರೆದುಕೊಡುವುದಕ್ಕೆ ಮುಂಚೆ, ಹಿಂದೆ ಕುಡಿದವನ ಗತಿ ಏನಾಯಿತೆಂದು ವಿಚಾರಿಸುವುದು ವೈದ್ಯಧರ್ಮವಷ್ಟೆ.

ಹಣ ಪಡೆದು ಆಡುವುದು ಇಂಗ್ಲೆಂಡಿನಲ್ಲಿ ಮೊದಲು ನಿಷಿದ್ಧವಾಗಿದ್ದಿತು. ಅಲ್ಲಿಯ ಆಟದ ಆಡಳಿತವನ್ನು ವಹಿಸಿದ್ದ ಫುಟ್‌ಬಾಲ್ ಅಸೋಸಿಯೇಷನ್ ಎಂಬ ಮಂಡಲಿಯು ೧೮೮೫ರಲ್ಲಿ ಆ ನಿಷೇಧವನ್ನು ತೆಗೆಯಿತು. ಮೂರು ವರ್ಷಗಳ ತರುವಾಯ, ೧೮೮೮ರಲ್ಲಿ, ಹನ್ನೆರಡು ಕ್ಲಬ್ಬುಗಳು ಕೂಡಿ ಫುಟ್‌ಬಾಲ್ ಲೀಗನ್ನು ಸ್ಥಾಪಿಸಿದವು. ಗಿರಣಿಯ ಊರುಗಳಲ್ಲಿ ಶನಿವಾರ ಮಧ್ಯಾಹ್ನದ ಬಿಡುವು ಸಿಕ್ಕಿದ ಕೂಲಿಕಾರರು ಸಾವಿರಗಟ್ಟಲೆಯಾಗಿ ಬಂದು, ಬಾಗಿಲಲ್ಲಿ ಕಾಸು ಕೊಟ್ಟು, ನಿಂತು ನೋಡಿದರು. ಹಣ ಹರಿದು ಬಂದಿತು. ಹರಿದು ಬಂದ ಹಣದಲ್ಲಿ ಒಳ್ಳೆಯ ಆಟಗಾರನು ತನ್ನ ಪಾಲನ್ನು ಕೇಳಲಾರಂಭಿಸಿದನು. ಕ್ಲಬ್ಬುಗಳು ಒಂದನ್ನೊಂದು ಮೀರಿಸಿ ಕೊಡಲಾರಂಭಿಸಿದವು. ಆಗ ಮಾಲಿಕರಿಗೆ ಚಿಂತೆ ಹತ್ತಿತು. ೧೯೦೧ರ ಋತುವಿನಿಂದ ಯಾವ ಆಟಗಾರನಿಗೂ ವಾರಕ್ಕೆ ೪ ಪೌಂಡಿಗಿಂತ ಹೆಚ್ಚು ಕೊಡಕೂಡದೆಂದು ಕಟ್ಟಳೆಯಾಯಿತು.

೪ ಪೌಂಡು ಆ ಕಾಲಕ್ಕೆ ಅಲ್ಪವಲ್ಲವೆಂಬುದನ್ನು ಒಪ್ಪಲೇಬೇಕು. ಕಸುಬು ಬಲ್ಲ ಕಮ್ಮಾರನಾಗಲಿ ಬಡಗಿಯಾಗಲಿ ಅಂದು ವಾರಕ್ಕೆ ಎರಡು ಪೌಂಡನ್ನು ಕಾಣುತ್ತಿದ್ದುದು ಅಪರೂಪ. ಆದುದರಿಂದ, ಕೂಲಿಕಾರನ ಮಗನಿಗೆ ಇದೇ ಹೆಚ್ಚಾಯಿತು, ಇನ್ನೇನು ಬೇಕು, ಎಂದು ಕೇಳಿದವರು ಅಂದೂ ಇದ್ದರು. ಆದರೆ ಪ್ರಶ್ನೆ ಇರುವುದು ಮೊತ್ತದಲ್ಲಿ ಅಲ್ಲವೇ ಅಲ್ಲ. ಆ ಮೇರೆಯನ್ನು ಹಾಕಿದವರು ಯಾರು, ಯಾರ ಮೇಲೆ ಹಾಕಿದರು, ಹಾಕುವಾಗ ಅವನನ್ನು ಕೇಳಿದರೆ, ಅದು ಸರಿಬೀಳದಿದ್ದರೆ ಅವನು ಎದ್ದು ಹೋಗಬಹುದಾಗಿತ್ತೆ, ಇವುಗಳಲ್ಲಿದೆ. ಇವುಗಳಿಗೆ ಉತ್ತರ ದೊರೆತರೆ ಮೊತ್ತವು ನಾಲ್ಕಾದರೇನು, ನಾಲ್ಕು ಸಾವಿರವಾದರೇನು!

ಎದ್ದು ಹೋಗುವಂತಿರಲಿಲ್ಲ. ಮೇರೆಯ ಜೊತೆಯಲ್ಲಿ ಇನ್ನೊಂದು ಹಗ್ಗವಿದ್ದಿತು. ಅದು ೧೯೦೧ಕ್ಕಿಂತಲೂ ಹಳೆಯದು. ಪ್ರತಿಯೊಬ್ಬ ಆಟಗಾರನ ಹೆಸರೂ ಲೀಗಿನ ದಾಖಲೆಯಲ್ಲಿ ಒಂದು ಕ್ಲಬ್ಬಿನ ಕೆಳಗೆ ಬರೆಯಲ್ಪಡುತ್ತಿತ್ತು. ಕರಾರಿನ ವರ್ಷ ಮುಗಿದರೂ ಹೆಸರು ಮಾತ್ರ ಕ್ಲಬ್ಬಿನ ವಶದಲ್ಲಿಯೇ ಉಳಿಯುತ್ತಿತ್ತು. ಕ್ಲಬ್ಬು ಬಿಡದೆ ಆಟಗಾರನು ಲೀಗಿನ ಇನ್ನೊಂದು ಕ್ಲಬ್ಬಿನಲ್ಲಿ ಕಾಲಿಡುವಂತಿಲ್ಲ. ಬಿಡಬೇಕಾದರೆ ಕೊಳ್ಳುವವರು ವರ್ಗಾವಣೆಯ ಹಣವನ್ನು ತೆರಬೇಕು. ಎಷ್ಟು ತೆರಬೇಕೆಂಬುದನ್ನು ನಿಶ್ಚಯಿಸುವವರು ಬಿಡುವವರೇ. ಹ್ಯಾರಿ ಕಿಂಗಬಿ ಎಂಬ ಆಟಗಾರನು ಆಸ್ಟನ್ ವಿಲ್ಲಾ ಕ್ಲಬ್ಬು ತನಗಾಗಿ ಕೇಳಿದ ಬೆಲೆಯು ಅತಿಯಾದುದರಿಂದ ತನ್ನ ಜೀವನಕ್ಕೇ ಕುಂದುಂಟಾಯಿತೆಂದು ನ್ಯಾಯಸ್ಥಾನಕ್ಕೆ ಹೋದನು; ೧೯೧೨ರಲ್ಲಿ ಸೋತು ಹಿಂದಿರುಗಿದನು. ಖರ್ಚನ್ನು ವಹಿಸಿದ್ದ ಆಟಗಾರರ ಸಂಘವು ಬಹುಕಾಲ ತಲೆಯೆತ್ತದಾಯಿತು. ಹೀಗೆ ಒಂದು ಹಗ್ಗ ಕೊರಳಿಗೆ, ಇನ್ನೊಂದು ಕಾಲಿಗೆ. ಗಾಣದೆತ್ತಿಗೆ ಇದಕ್ಕಿಂತ ಹೆಚ್ಚಿನ ಬಂಧನವಿಲ್ಲ.

ಇನ್ನು ಈ ವ್ಯವಸ್ಥೆಯ ಅತ್ಯಂತ ವಿಚಿತ್ರವಾದ ಭಾಗಕ್ಕೆ ಬರೋಣ. ಆಟಗಾರನಿಗೆ ಕೊಡುವ ಸಂಬಳಕ್ಕೆ ಮೇರೆಯಿದ್ದಿತು. ಆಟಗಾರನನ್ನು ಮಾರುವ ಬೆಲೆಗೆ ಮೇರೆಯಿರಲಿಲ್ಲ. ೧೯೦೫ರಲ್ಲಿ ಮಿಡಲ್ಸ್‌ಬರೊ ಕ್ಲಬ್ಬು ಆಲ್ಫ್ ಕಾಮನ್ ಎಂಬುವನಿಗಾಗಿ ಸಂಡರ್ಲೆಂಡಿಗೆ ೧,೦೦೦ ಪೌಂಡು ತೆತ್ತಿತು. ವಾರಕ್ಕೆ ನಾಲ್ಕರಂತೆ ಎಣಿಸಿದರೆ ಅದು ಅವನ ಸುಮಾರು ಐದು ವರ್ಷದ ಸಂಬಳ. ೧೯೨೮ರಲ್ಲಿ ಆರ್ಸೆನಲ್ ಕ್ಲಬ್ಬು ಡೇವಿಡ್ ಜ್ಯಾಕನಿಗಾಗಿ ಬೋಲ್ಟನಿಗೆ ಹತ್ತು ಸಾವಿರವನ್ನು ಮೀರಿದ ಹಣವನ್ನು ಕೊಟ್ಟಿತು. ಅಂದಿನ ಮೇರೆ ವಾರಕ್ಕೆ ೮ ಪೌಂಡು. ಅದು ಇಪ್ಪತ್ತನಾಲ್ಕು ವರ್ಷಕ್ಕೂ ಮಿಕ್ಕಿದ ಸಂಬಳ. ೧೯೬೦ರಲ್ಲಿ ಮ್ಯಾಂಚೆಸ್ಟರ್ ಸಿಟಿಯವರು ಡೆನಿಸ್ ಲಾ ಎಂಬ ತರುಣನನ್ನು ಹಡ್ಡರ್ಸ್‌ಫೀಲ್ಡಿನಿಂದ ಕೊಂಡ ಬೆಲೆ ೫೫,೦೦೦ ಪೌಂಡು. ಮೇರೆ ಆಗ ೨೦ ಪೌಂಡು. ವರ್ಷವೆಲ್ಲವೂ ಅದೇ ದರದಲ್ಲಿ ಬಂದಿತೆಂದು ಹಿಡಿದರೂ, ತನ್ನನ್ನು ಮಾರಿದ ಬೆಲೆಯನ್ನು ಆ ತರುಣನು ದುಡಿದು ಕಾಣಬೇಕಾದರೆ ಐವತ್ತೆರಡು ವರ್ಷಕ್ಕೂ ಮಿಕ್ಕಿ ಆಡಬೇಕಾಗಿದ್ದಿತು. ಸಂತೆಯಲ್ಲಿ ಎತ್ತಿನ ಬೆಲೆ ಏರಿದರೆ ಹುಲ್ಲನ್ನಾದರೂ ಒಂದು ಹಿಡಿ ಹೆಚ್ಚು ಹಾಕುವರು.

ಬೆಲೆಗೂ ಮೇರೆ ಹಾಕಿ ನೋಡಲಿಲ್ಲವೆ ಎಂದು ಕೇಳಬಹುದು. ಹಾಕಿದರು. ೧೯೦೮ರಲ್ಲಿ ೩೫೦ ಪೌಂಡಿಗಿಂತ ಹೆಚ್ಚಿಗೆ ಯಾರನ್ನೂ ಕೊಳ್ಳಕೂಡದೆಂದು ಕಟ್ಟಳೆ ಮಾಡಿದರು. ಅದು ಕೆಲವೇ ತಿಂಗಳಲ್ಲಿ ಬಿದ್ದುಹೋಯಿತು. ಮಾಲಿಕರ ಕೈಯನ್ನು ಕಟ್ಟಿದ ನಿಯಮವು ಒಂದು ವರ್ಷವೂ ನಿಲ್ಲಲಿಲ್ಲ. ಆಟಗಾರರ ಕೈಯನ್ನು ಕಟ್ಟಿದ ನಿಯಮವು ಅರುವತ್ತು ವರ್ಷ ನಿಂತಿತು. ಮೇರೆಯ ಪಕ್ಷಪಾತಿಗಳು ಉಳಿದುದನ್ನೆಲ್ಲ ಮರೆತರೂ ಈ ಒಂದನ್ನು ಮರೆಯಬಾರದು.

ಆಟಗಾರರು ಸುಮ್ಮನಿದ್ದರೆಂದಲ್ಲ. ವೇಲ್ಸಿನ ಬಿಲ್ಲಿ ಮೆರಿಡಿತ್, ಚಾರ್ಲಿ ರಾಬರ್ಟ್ಸ್ ಮೊದಲಾದವರು ೧೯೦೭ರ ಡಿಸೆಂಬರಿನಲ್ಲಿ ಮ್ಯಾಂಚೆಸ್ಟರಿನ ಒಂದು ಹೋಟೆಲಿನಲ್ಲಿ ಸೇರಿ ಆಟಗಾರರ ಸಂಘವನ್ನು ಕಟ್ಟಿದರು. ೧೯೦೯ರಲ್ಲಿ ಸಂಘವನ್ನು ಬಿಡಿರಿ, ಇಲ್ಲವೆ ಆಟವನ್ನು ಬಿಡಿರಿ, ಎಂದು ಆಡಳಿತ ಮಂಡಲಿಯು ಅಪ್ಪಣೆ ಹೊರಡಿಸಿತು. ಬಹುಮಂದಿ ಅಂಜಿ ಬಿಟ್ಟರು. ಮ್ಯಾಂಚೆಸ್ಟರ್ ಯುನೈಟೆಡ್ಡಿನವರು ಬಿಡಲಿಲ್ಲ. ತಮ್ಮನ್ನು ತಾವೇ 'ಬಹಿಷ್ಕೃತರು' ಎಂದು ಕರೆದುಕೊಂಡು ಬೇರೆಯಾಗಿ ಅಭ್ಯಾಸ ನಡೆಸಿದರು. ಕೊನೆಗೆ ರಾಜಿಯಾಯಿತು; ಸಂಘವು ಉಳಿಯಿತು; ಆದರೆ ಇತರ ಕಾರ್ಮಿಕ ಸಂಘಗಳೊಡನೆ ಅದು ಕೂಡಕೂಡದೆಂಬ ಕರಾರಿನ ಮೇಲೆ, ಮತ್ತು ಮೇರೆಯು ಇದ್ದಂತೆಯೇ ಇರುವುದೆಂಬ ಅರಿವಿನ ಮೇಲೆ. ೧೯೨೦ರಲ್ಲಿ ೯ ಪೌಂಡಿಗೆ ಏರಿದ ಮೇರೆಯನ್ನು ೧೯೨೨ರಲ್ಲಿ ೮ಕ್ಕೆ ಇಳಿಸಿದರು. ಬೇಸಿಗೆಯ ತಿಂಗಳುಗಳಲ್ಲಿ ೬. ಇಳಿಸುವಾಗಲೂ ಆಟಗಾರನನ್ನು ಕೇಳಲಿಲ್ಲ.

ಈಗ ಪೂರ್ವಪಕ್ಷವನ್ನು ಅದರ ಪೂರ್ಣಬಲದಲ್ಲಿಯೇ ಎತ್ತಿಕೊಳ್ಳಬೇಕು. ಮೇರೆಯನ್ನು ಸಮರ್ಥಿಸುವವರು ಹೇಳುವುದೇನೆಂದರೆ: ಪಂದ್ಯದ ಸ್ವಾರಸ್ಯವು ಎರಡು ಪಕ್ಷಗಳ ಸಮಬಲದಲ್ಲಿದೆ. ಧನಿಕವಾದ ಕ್ಲಬ್ಬು ಒಳ್ಳೆಯ ಆಟಗಾರರನ್ನೆಲ್ಲ ಕೊಂಡುಬಿಟ್ಟರೆ ಸಣ್ಣ ಊರಿನ ಕ್ಲಬ್ಬು ಸೋಲುವುದಕ್ಕಾಗಿಯೇ ಹುಟ್ಟಿದಂತಾಗುವುದು. ಎಲ್ಲರ ಸಂಬಳವೂ ಒಂದೇ ಮೇರೆಯೊಳಗಿದ್ದರೆ ಆಟಗಾರನು ಹಣಕ್ಕಾಗಿ ಊರು ಬಿಡನು. ಇದರಲ್ಲಿ ಸತ್ಯಾಂಶವಿಲ್ಲವೆಂದು ಯಾರೂ ಹೇಳರು. ಆದರೆ ಫಲವೇನಾಯಿತು? ಮೇರೆಯು ಪೂರ್ಣಜಾರಿಯಲ್ಲಿದ್ದ ಕಾಲದಲ್ಲಿಯೇ ಹಡ್ಡರ್ಸ್‌ಫೀಲ್ಡ್ ಕ್ಲಬ್ಬು ೧೯೨೪ರಿಂದ ೧೯೨೬ರ ವರೆಗೆ ಮೂರು ವರ್ಷ ಒಂದೇ ಸಮನೆ ಲೀಗನ್ನು ಗೆದ್ದಿತು. ಆರ್ಸೆನಲ್ ೧೯೩೧ರಿಂದ ೧೯೩೮ರೊಳಗೆ ಐದು ಸಲ ಗೆದ್ದಿತು. ಎಲ್ಲ ಕಡೆಯಲ್ಲಿಯೂ ಸಂಬಳ ಒಂದೇ ಆದಾಗ ಆಟಗಾರನು ಮನೆಯ ಹತ್ತಿರವೇ ಇರುವನೆಂದು ಎಣಿಸಿದ್ದು ತಪ್ಪು. ಹೆಸರು ಎಲ್ಲಿ ದೊರೆಯುವುದೋ, ಬಹುಮಾನದ ಪದಕ ಎಲ್ಲಿ ಸಿಕ್ಕುವುದೋ, ಅಲ್ಲಿಗೆ ಹೋಗುವನು. ಅವನನ್ನು ಕೊಳ್ಳುವ ಬೆಲೆಗೆ ಮಿತಿಯಿಲ್ಲದಿದ್ದುದರಿಂದ ಧನಿಕನ ಕೈಯೂ ಕಟ್ಟಿಹೋಗಲಿಲ್ಲ.

೧೯೬೦ರಲ್ಲಿ ಬರ್ನ್‌ಲಿ ಗೆದ್ದಿತಲ್ಲ, ಎಂಬತ್ತು ಸಾವಿರ ಜನದ ಗಿರಣಿಯೂರು ಅದು, ಎಂದು ಕೆಲವರು ತೋರಿಸುವರು. ಸರಿ. ಆದರೆ ೧೯೬೧ರ ಜನವರಿಯಲ್ಲಿ ಮೇರೆಯು ಬಿದ್ದ ತರುವಾಯದ ಮೊದಲನೆಯ ಋತುವಿನಲ್ಲಿ, ಎಂದರೆ ೧೯೬೨ರಲ್ಲಿ, ಗೆದ್ದವರಾರು? ಹಿಂದಿನ ವರ್ಷವಷ್ಟೇ ಕೆಳಗಿನ ಶ್ರೇಣಿಯಿಂದ ಮೇಲೆ ಬಂದಿದ್ದ ಇಪ್ಸ್‌ವಿಚ್. ಇದರಿಂದ ಮೇರೆಯಿಲ್ಲದಿದ್ದರೆ ಸಣ್ಣವರು ಗೆಲ್ಲುವರೆಂದು ಸಾಧಿಸಲು ಹೊರಟರೆ ಅದೂ ಅವಿವೇಕವೇ. ಒಂದು ವರ್ಷದ ಫಲದಿಂದ ನಿಯಮವನ್ನು ಕಟ್ಟುವ ಚಪಲವನ್ನು ಎರಡು ಕಡೆಯವರೂ ಬಿಟ್ಟರೆ ಒಳ್ಳೆಯದು.

ಮೇರೆಯು ಇನ್ನೊಂದು ಕೆಲಸವನ್ನು ಮಾತ್ರ ತಪ್ಪದೆ ಮಾಡಿತು: ಪ್ರಾಮಾಣಿಕರನ್ನು ಕಳ್ಳರನ್ನಾಗಿಸಿತು. ೧೯೦೬ರಲ್ಲಿ ಮ್ಯಾಂಚೆಸ್ಟರ್ ಸಿಟಿಯವರು ಮೇರೆಗೆ ಮೀರಿ ಕೊಟ್ಟರೆಂದು ಬಯಲಾಗಿ, ಹದಿನೇಳು ಮಂದಿ ಆಟಗಾರರು ಶಿಕ್ಷೆಗೆ ಗುರಿಯಾದರು. ಅವರು ಮತ್ತೆ ಆ ಕ್ಲಬ್ಬಿನಲ್ಲಿ ಆಡಕೂಡದೆಂದಾದುದರಿಂದ ಅವರನ್ನು ಒಂದು ಹೋಟೆಲಿನಲ್ಲಿ ಹರಾಜಿಗಿಟ್ಟಂತೆ ಇತರ ಕ್ಲಬ್ಬುಗಳಿಗೆ ಹಂಚಿದರು. ೧೯೧೯ರಲ್ಲಿ ಲೀಡ್ಸ್ ಸಿಟಿಯು ತನ್ನ ಲೆಕ್ಕದ ಪುಸ್ತಕಗಳನ್ನು ತೋರಿಸಲೊಲ್ಲದೆ ಲೀಗಿನಿಂದಲೇ ಹೊರಬಿದ್ದಿತು. ಅದರ ಆಟಗಾರರನ್ನೂ ಹೋಟೆಲಿನಲ್ಲಿಯೇ ವಿಕ್ರಯಿಸಿದರು. ೧೯೫೭ರಲ್ಲಿ ಸಂಡರ್ಲೆಂಡ್ ಕ್ಲಬ್ಬಿನ ಗುಪ್ತ ಪಾವತಿಗಳು ಹೊರಬಿದ್ದು ೫,೦೦೦ ಪೌಂಡು ದಂಡವಾಯಿತು. ಐವತ್ತು ವರ್ಷಗಳ ಅಂತರದಲ್ಲಿ ಅದೇ ಅಪರಾಧ, ಅದೇ ರೀತಿ. ಎಲ್ಲರೂ ಮುರಿಯುವ, ಎಲ್ಲೋ ಒಬ್ಬನು ಸಿಕ್ಕಿಬೀಳುವ ನಿಯಮದಿಂದ ಸಮತ್ವವು ಹುಟ್ಟಲಾರದು.

ಗುಪ್ತವಾಗಿ ಪಡೆಯಲೊಲ್ಲದವನ ಪಾಡೇನು? ಪ್ರೆಸ್ಟನಿನ ಟಾಮ್ ಫಿನ್ನಿಯನ್ನು ನೋಡಬಹುದು. ಇಂಗ್ಲೆಂಡು ಕಂಡ ಅತಿಶ್ರೇಷ್ಠ ಆಟಗಾರರಲ್ಲಿ ಒಬ್ಬನು. ನೀರಿನ ಕೊಳಾಯಿ ಜೋಡಿಸುವ ಕಸುಬನ್ನು ಕಲಿತಿದ್ದು, ಆಟದ ಜೊತೆಯಲ್ಲಿ ಅದನ್ನೂ ನಡೆಸಿಕೊಂಡು ಬಂದವನು. ೧೯೫೨ರಲ್ಲಿ ಇಟಲಿಯ ಪಲೆರ್ಮೊ ಕ್ಲಬ್ಬಿನವರು ೧೦,೦೦೦ ಪೌಂಡನ್ನೂ, ಅದಲ್ಲದೆ ತಿಂಗಳ ಸಂಬಳ, ವಾಸಕ್ಕೆ ಮನೆ, ಓಡಾಡಲು ಕಾರು ಇವುಗಳನ್ನೂ ಕೊಡುವುದಾಗಿ ಅವನನ್ನು ಕರೆದರು. ಪ್ರೆಸ್ಟನ್ ಕ್ಲಬ್ಬಿನ ಯಜಮಾನನು ಬಿಡಲಿಲ್ಲ. ಬಿಡದಿರುವ ಅಧಿಕಾರ ಅವನಿಗಿದ್ದಿತು. ಫಿನ್ನಿಯು ಪ್ರೆಸ್ಟನಿನಲ್ಲಿಯೇ ಉಳಿದನು. ಅವನ ನಿಷ್ಠೆಯನ್ನು ಈಗ ಎಲ್ಲರೂ ಕೊಂಡಾಡುವರು. ನಿಷ್ಠೆಯೇನೋ ನಿಜವೇ ಇದ್ದೀತು. ಆದರೆ ಬಾಗಿಲಿಗೆ ಹೊರಗಿನಿಂದ ಅಗಳಿ ಹಾಕಿ, ಒಳಗಿದ್ದವನು ಮನೆಯನ್ನು ಎಷ್ಟು ಪ್ರೀತಿಸುತ್ತಾನೆ ನೋಡಿ ಎಂದು ಹೊಗಳುವುದರಲ್ಲಿ ಅಷ್ಟೊಂದು ಅರ್ಥವಿಲ್ಲ. ಬಾಗಿಲು ಒಡೆದು ಹೋದವನೂ ಒಬ್ಬನಿದ್ದನು. ಇಂಗ್ಲೆಂಡಿನ ಪಕ್ಷದಲ್ಲಿ ಇಪ್ಪತ್ತೇಳು ಪಂದ್ಯಗಳನ್ನು ಆಡಿದ್ದ ನೀಲ್ ಫ್ರಾಂಕ್ಲಿನ್ ೧೯೫೦ರಲ್ಲಿ ಸಮುದ್ರ ದಾಟಿ ಕೊಲಂಬಿಯಾ ದೇಶದ ಬೊಗೊಟಾ ನಗರಕ್ಕೆ ಹೋದನು. ಅಲ್ಲಿ ಹೊಂದದೆ ಕೆಲವು ವಾರಗಳಲ್ಲಿ ಹಿಂದಿರುಗಿದಾಗ ಅವನಿಗೆ ಬಹಿಷ್ಕಾರ ಕಾದಿದ್ದಿತು. ದೇಶದ ಪಕ್ಷದಲ್ಲಿ ಅವನು ಮತ್ತೆ ಆಡಲೇ ಇಲ್ಲ.

ಅವೇ ವರ್ಷಗಳಲ್ಲಿ ಬಾಗಿಲಲ್ಲಿ ಸೇರುತ್ತಿದ್ದ ಹಣವು ಅಲ್ಪವೆ? ೧೯೪೮-೪೯ರ ಒಂದೇ ಋತುವಿನಲ್ಲಿ ಲೀಗಿನ ಪಂದ್ಯಗಳಿಗೆ ಬಂದ ಪ್ರೇಕ್ಷಕರು ನಾಲ್ಕು ಕೋಟಿಗೂ ಹೆಚ್ಚು. ಆಟಗಾರನಿಗೆ ಅಂದು ಹೆಚ್ಚೆಂದರೆ ೧೨ ಪೌಂಡು. ೧೯೫೩ರಲ್ಲಿ ವೆಂಬ್ಲಿಯ ಬಯಲಿನಲ್ಲಿ ಲಕ್ಷ ಜನರ ಎದುರಿಗೆ ಸ್ಟ್ಯಾನ್ಲಿ ಮ್ಯಾಥ್ಯೂಸನು ತನ್ನ ಮೂವತ್ತೆಂಟನೆಯ ವಯಸ್ಸಿನಲ್ಲಿ ಬ್ಲ್ಯಾಕ್‌ಪೂಲಿನ ಪಕ್ಷಕ್ಕೆ ಕಪ್ಪನ್ನು ಗೆಲ್ಲಿಸಿಕೊಟ್ಟ ಪಂದ್ಯವು ಇಂದಿಗೂ ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಅವನ ವಾರದ ಸಂಬಳದ ಮೇರೆ ಆಗ ೧೫ ಪೌಂಡನ್ನು ಮೀರಿರಲಿಲ್ಲ. ಆ ಪಂದ್ಯದಲ್ಲಿ ಮೈದಾನದ ಅಂಚಿನಲ್ಲಿ ಸುಮ್ಮನೆ ಕುಳಿತಿದ್ದ ಹೊಸಬನ ಮೇರೆಯೂ ಅಷ್ಟೆ.

ಉಳಿದ ಹಣವನ್ನು ಮಾಲಿಕರು ನುಂಗಿದರೆಂದು ಹೇಳಿದರೆ ಅದು ಅನ್ಯಾಯವಾದೀತು. ಪಾಲುದಾರರಿಗೆ ಹಂಚುವ ಲಾಭಕ್ಕೂ ಅಲ್ಲಿಯ ಆಡಳಿತ ಮಂಡಲಿಯು ಮೇರೆ ವಿಧಿಸಿದ್ದಿತು. ನಿರ್ದೇಶಕರು ಸಂಬಳ ಪಡೆಯಕೂಡದೆಂಬ ನಿಯಮವೂ ಇದ್ದಿತು. ಈ ಅಂಶವನ್ನು ಮುಂದಿಟ್ಟು, ಎಲ್ಲರೂ ಸಮಾನವಾಗಿ ತ್ಯಾಗ ಮಾಡಿದರೆಂದು ವಾದಿಸುವವರಿದ್ದಾರೆ. ಆದರೆ ನಿರ್ದೇಶಕನು ತನ್ನ ಅನ್ನವನ್ನು ಬೇರೆಲ್ಲಿಯೋ, ತನ್ನ ಗಿರಣಿಯಲ್ಲಿ, ತನ್ನ ಅಂಗಡಿಯಲ್ಲಿ, ಸಂಪಾದಿಸಿಕೊಂಡು ಬಂದು ಶನಿವಾರ ಗೌರವದ ಆಸನದಲ್ಲಿ ಕೂಡುತ್ತಿದ್ದನು. ಆಟಗಾರನ ಅನ್ನವೇ ಆ ಬಯಲಿನಲ್ಲಿದ್ದಿತು. ಅದೂ ಮೂವತ್ತೈದನೆಯ ವಯಸ್ಸಿನ ವರೆಗೆ, ಮೊಣಕಾಲು ಉಳಿದಿದ್ದರೆ. ಹಬ್ಬದ ದಿನ ಒಪ್ಪೊತ್ತು ಮಾಡಿದವನೂ ನಿತ್ಯ ಅರೆಹೊಟ್ಟೆಯವನೂ ಸಮಾನ ವ್ರತಸ್ಥರೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ.

ಇಲ್ಲಿ ಉಪಾಧ್ಯಾಯನ ಮಾತು ಮತ್ತೆ ಬರುವುದು. ಉಪಾಧ್ಯಾಯನಿಗೆ ಕಡಿಮೆ, ಆಟಗಾರನಿಗೆ ಹೆಚ್ಚು. ಇದು ಯಾವ ನ್ಯಾಯ? ಇದೇ ಪ್ರಶ್ನೆಯು ಸಂಘದವರು ಮುಷ್ಕರ ಹೂಡಲು ಯೋಚಿಸುತ್ತಿದ್ದಾಗ ಮ್ಯಾಂಚೆಸ್ಟರಿನ ಒಂದು ಸಭೆಯಲ್ಲಿ ಬಂದಿತಂತೆ. ತನ್ನ ತಂದೆ ಕಲ್ಲಿದ್ದಲಿನ ಗಣಿಯಲ್ಲಿ ದುಡಿಯುತ್ತಾನೆ, ಅವನಿಗೆ ಬರುವುದಕ್ಕಿಂತ ತನಗೆ ಹೆಚ್ಚೇ ಬರುತ್ತಿದೆ, ಇನ್ನೂ ಹೇಗೆ ಕೇಳುವುದು, ಎಂದು ಒಬ್ಬ ಯುವಕನು ಅಂದನು. ಬೋಲ್ಟನಿನ ಟಾಮಿ ಬ್ಯಾಂಕ್ಸ್ ಎದ್ದು ನಿಂತನು. ಅವನೂ ಗಣಿಯಲ್ಲಿ ದುಡಿದವನೇ. ಗಣಿಯ ಕಷ್ಟ ತನಗೂ ಗೊತ್ತು, ಆದರೆ ನಿನ್ನ ತಂದೆ ಕಲ್ಲಿದ್ದಲು ಅಗೆಯುವುದನ್ನು ನೋಡಲು ಸಾವಿರಾರು ಮಂದಿ ಕಾಸು ಕೊಟ್ಟು ಬರುವುದಿಲ್ಲ, ತಾನು ಮ್ಯಾಥ್ಯೂಸನನ್ನು ತಡೆಯಲು ಹೆಣಗುವುದನ್ನು ನೋಡಲು ಬರುತ್ತಾರೆ, ಎಂಬ ಅರ್ಥದಲ್ಲಿ ಉತ್ತರ ಕೊಟ್ಟನೆಂದು ಅಲ್ಲಿದ್ದವರು ಹೇಳಿಕೊಂಡು ಬಂದಿದ್ದಾರೆ. ಈ ಉತ್ತರದಲ್ಲಿ ಒರಟುತನವಿದೆ, ಆದರೆ ತಪ್ಪಿಲ್ಲ. ಪ್ರೇಕ್ಷಕನು ಕೊಟ್ಟ ಕಾಸು ಆಗಲೇ ಬಂದು ಪೆಟ್ಟಿಗೆಯಲ್ಲಿ ಬಿದ್ದಿದೆ. ಅದನ್ನು ಆಟಗಾರನಿಗೆ ಕೊಡದಿದ್ದರೆ ಗಣಿಯ ಕೂಲಿಕಾರನಿಗಾಗಲಿ ಉಪಾಧ್ಯಾಯನಿಗಾಗಲಿ ಒಂದು ಬಿಡಿಗಾಸೂ ಹೋಗುವುದಿಲ್ಲ; ಅದು ಕ್ಲಬ್ಬಿನ ಪೆಟ್ಟಿಗೆಯಲ್ಲಿಯೇ ನಿಲ್ಲುವುದು. ಉಪಾಧ್ಯಾಯನ ಸಂಬಳ ಹೆಚ್ಚಬೇಕೆಂಬವರು ಸರ್ಕಾರದ ಬಾಗಿಲಿಗೆ ಹೋಗಬೇಕು. ಅತಿಯಾದ ಸಂಪಾದನೆಯಲ್ಲಿ ಸಮಾಜಕ್ಕೆ ಪಾಲು ಸಲ್ಲಬೇಕೆಂಬವರಿಗೆ ವರಮಾನದ ತೆರಿಗೆಯೆಂಬ ರಾಜಮಾರ್ಗವಿದೆ. ಅದು ಆಟಗಾರನನ್ನೂ ಮಾಲಿಕನನ್ನೂ ಒಂದೇ ಕಣ್ಣಿನಿಂದ ನೋಡುವುದು.

೧೯೬೧ರ ಕತೆ ಸಂಕ್ಷೇಪವಾದುದು. ಜಿಮ್ಮಿ ಹಿಲ್ ಎಂಬುವನ ಮುಂದಾಳುತನದಲ್ಲಿ ಆಟಗಾರರು ಜನವರಿ ೨೧ರಂದು ಮುಷ್ಕರವೆಂದು ನಿಶ್ಚಯಿಸಿದರು. ಅದಕ್ಕೆ ಮೂರು ದಿನ ಮುಂಚೆ ಲೀಗು ಮಣಿಯಿತು. ಫುಲ್‌ಹ್ಯಾಮಿನ ಜಾನಿ ಹೇನ್ಸ್ ವಾರಕ್ಕೆ ೧೦೦ ಪೌಂಡು ಪಡೆಯುವ ಮೊದಲಿಗನಾದನು. ಎರಡನೆಯ ಹಗ್ಗವೂ ಸಡಿಲವಾಗಲು ಇನ್ನೆರಡು ವರ್ಷ ಹಿಡಿಯಿತು: ನ್ಯೂಕಾಸಲ್ ಕ್ಲಬ್ಬು ತನ್ನನ್ನು ಬಿಡದಿದ್ದಾಗ ಆಟವನ್ನೇ ತೊರೆದು ಬೇರೆ ಕೆಲಸಕ್ಕೆ ನಿಂತ ಜಾರ್ಜ್ ಈಸ್ಟ್‌ಹ್ಯಾಮನ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ವಿಲ್ಬರ್‌ಫೋರ್ಸರು ೧೯೬೩ರಲ್ಲಿ ಆ ಪದ್ಧತಿಯು ಉದ್ಯೋಗಸ್ವಾತಂತ್ರ್ಯಕ್ಕೆ ಅನುಚಿತವಾದ ಅಡ್ಡಿಯೆಂದು ತೀರ್ಪಿತ್ತರು. ಈ ನಡುವೆ, ೧೯೬೧ರ ಶರತ್ಕಾಲದಲ್ಲಿ, ನಾಲ್ವತ್ತಾರು ವಯಸ್ಸಿನ ಮ್ಯಾಥ್ಯೂಸನು ತನ್ನ ಹುಟ್ಟೂರಿನ ಸ್ಟೋಕ್ ಕ್ಲಬ್ಬಿಗೆ ಹಿಂದಿರುಗಿದನು. ಅದಕ್ಕೆ ಮುಂಚೆ ಅಲ್ಲಿಗೆ ಎಂಟು ಸಾವಿರದ ಆಸುಪಾಸು ಜನ ಬರುತ್ತಿದ್ದರು. ಅವನ ಮೊದಲನೆಯ ಪಂದ್ಯಕ್ಕೆ ಮೂವತ್ತೈದು ಸಾವಿರಕ್ಕೂ ಮಿಕ್ಕಿ ಬಂದರು. ಆ ಹೆಚ್ಚಿನ ಇಪ್ಪತ್ತೇಳು ಸಾವಿರ ಜನರು ಯಾರನ್ನು ನೋಡಲು ಬಂದರೆಂಬುದನ್ನು ಮೇರೆಯ ಪಕ್ಷದವರು ಹೇಳಲಿ.

ಆ ಮೇಲಿನ ಅರುವತ್ತು ವರ್ಷಗಳಲ್ಲಿ ದೊಡ್ಡವರು ಮತ್ತಷ್ಟು ದೊಡ್ಡವರಾದರು, ಸಣ್ಣವರು ಹಿಂದೆ ಬಿದ್ದರು, ಎಂಬುದು ಸುಳ್ಳಲ್ಲ. ಮೇರೆ ಹೋದುದೇ ಇದಕ್ಕೆಲ್ಲ ಮೂಲವೆಂದು ಹೇಳುವುದು ಮಾತ್ರ ಅರ್ಧಸತ್ಯ. ಬಾಗಿಲಲ್ಲಿ ಸೇರಿದ ಹಣದಲ್ಲಿ ಐದರಲ್ಲೊಂದು ಪಾಲನ್ನು ಅತಿಥಿಯಾಗಿ ಬಂದ ಕ್ಲಬ್ಬಿಗೆ ಕೊಡಬೇಕೆಂಬ ಒಳ್ಳೆಯ ನಿಯಮವೊಂದು ಲೀಗಿನಲ್ಲಿದ್ದಿತು. ಸಣ್ಣ ಊರಿನವರು ದೊಡ್ಡ ನಗರಕ್ಕೆ ಆಡಲು ಹೋದರೆ ದೊಡ್ಡ ಜಾತ್ರೆಯ ಪ್ರಸಾದ ಅವರಿಗೂ ಸಿಕ್ಕುತ್ತಿದ್ದಿತು. ೧೯೮೩ರಲ್ಲಿ ಆ ನಿಯಮವನ್ನು ತೆಗೆದುಹಾಕಿದರು. ಆತಿಥೇಯನು ಬಾಗಿಲ ಹಣವನ್ನೆಲ್ಲ ತಾನೇ ಇಟ್ಟುಕೊಳ್ಳಬಹುದೆಂದಾಯಿತು. ೧೯೯೨ರಲ್ಲಿ ಮೇಲಿನ ಶ್ರೇಣಿಯ ಕ್ಲಬ್ಬುಗಳು ಬೇರೆಯಾಗಿ ಪ್ರೀಮಿಯರ್ ಲೀಗನ್ನು ಸ್ಥಾಪಿಸಿಕೊಂಡು, ದೂರದರ್ಶನದ ಹಣದ ಬಹುಭಾಗವನ್ನು ತಮ್ಮ ಕಡೆಗೆ ತಿರುಗಿಸಿಕೊಂಡವು. ಸಮಬಲವು ಅಷ್ಟು ಪ್ರಿಯವಾಗಿದ್ದರೆ ಹಂಚಿಕೆಯನ್ನು ಏಕೆ ಬಿಟ್ಟರು? ತಮ್ಮ ಪೆಟ್ಟಿಗೆಯಿಂದ ನೆರೆಯವನಿಗೆ ಕೊಡಬೇಕಾದಾಗ ಸಮತ್ವವು ಕಹಿ; ಆಟಗಾರನ ತಟ್ಟೆಯಿಂದ ತೆಗೆಯುವಾಗ ಸಿಹಿ.

ಅಮೆರಿಕದ ಉದಾಹರಣೆಯನ್ನು ಇಲ್ಲಿ ಕೆಲವರು ಎತ್ತುವರು. ಆ ದೇಶದವರು ಫುಟ್‌ಬಾಲ್ ಎಂದು ಕರೆಯುವುದು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಬೇರೊಂದು ಆಟ. ಅದರ ಲೀಗಿನಲ್ಲಿ ೧೯೯೪ರಿಂದ ವೇತನಮಿತಿಯಿದೆ, ಅದೂ ಯಶಸ್ವಿಯಾಗಿಯೇ ನಡೆದಿದೆ. ಆದರೆ ಅಲ್ಲಿ ಹಂಚಿಕೆ ಮೊದಲು ಬಂದಿತು, ಮಿತಿ ಆಮೇಲೆ. ಇಂಗ್ಲೆಂಡಿನಲ್ಲಿ ಮೇರೆ ಬಿದ್ದ ೧೯೬೧ರಲ್ಲಿಯೇ ಅಮೆರಿಕದ ಶಾಸನಸಭೆಯು ದೂರದರ್ಶನದ ಹಕ್ಕನ್ನು ಕ್ಲಬ್ಬುಗಳು ಒಟ್ಟಾಗಿ ಮಾರಬಹುದೆಂದು ಕಾಯಿದೆ ಮಾಡಿತು. ಬಂದ ಹಣವನ್ನು ಅವು ಸಮನಾಗಿ ಹಂಚಿಕೊಂಡವು. ಮಿತಿಯು ಬಂದಾಗಲೂ ಆಟಗಾರರ ಸಂಘದೊಡನೆ ಕುಳಿತು ಮಾತನಾಡಿ, ೧೯೯೩ರ ಒಪ್ಪಂದದಲ್ಲಿ ಕರಾರು ಮುಗಿದವನು ಬೇರೆಡೆಗೆ ಹೋಗುವ ಸ್ವಾತಂತ್ರ್ಯವನ್ನು ಕೊಟ್ಟು, ಆಟದ ಆದಾಯದಲ್ಲಿ ಆಟಗಾರರ ಪಾಲಿಷ್ಟೆಂದು ಲೆಕ್ಕ ಹಾಕಿ ಅದನ್ನು ಗೊತ್ತುಮಾಡಿದರು. ಆದಾಯ ಏರಿದರೆ ಮಿತಿಯೂ ಏರುವುದು. ಹೆಸರು ಒಂದೇ ಆದರೂ ಇದು ೧೯೦೧ರ ಮೇರೆಯ ಜಾತಿಯದಲ್ಲ. ಯುರೋಪಿನ ಆಡಳಿತ ಸಂಸ್ಥೆಯು ೨೦೨೨ರಲ್ಲಿ ಒಪ್ಪಿದ ನಿಯಮವಾದರೋ ಮತ್ತೊಂದು ಬಗೆಯದು: ಆಟಗಾರರ ಮೇಲಿನ ವೆಚ್ಚವು ಕ್ಲಬ್ಬಿನ ಆದಾಯದ ಶೇಕಡಾ ೭೦ನ್ನು ಮೀರಬಾರದಂತೆ. ನೂರು ಇದ್ದವನು ಎಪ್ಪತ್ತು ವೆಚ್ಚಮಾಡಬಹುದು, ಹತ್ತು ಇದ್ದವನು ಏಳು. ಇದರಿಂದ ದಿವಾಳಿ ತಪ್ಪೀತು. ಇದನ್ನು ಸಮತ್ವವೆಂದು ಕರೆಯುವುದು ಭಾಷೆಗೆ ಮಾಡುವ ಅಪಚಾರ.

ದಿವಾಳಿಯೇ ಮೇರೆಯ ಪಕ್ಷದವರ ಕೊನೆಯ ಆಯುಧ. ೨೦೨೦ರ ಆಗಸ್ಟಿನಲ್ಲಿ, ರೋಗದ ಕಾಲದಲ್ಲಿ ಬಯಲುಗಳು ಬರಿದಾಗಿದ್ದಾಗ, ಇಂಗ್ಲೆಂಡಿನ ಮೂರನೆಯ ಮತ್ತು ನಾಲ್ಕನೆಯ ಶ್ರೇಣಿಯ ಕ್ಲಬ್ಬುಗಳು ಒಟ್ಟು ವೇತನಕ್ಕೆ ಕ್ರಮವಾಗಿ ೨೫ ಲಕ್ಷ ಮತ್ತು ೧೫ ಲಕ್ಷ ಪೌಂಡುಗಳ ಮೇರೆಯನ್ನು ಬಹುಮತದಿಂದ ವಿಧಿಸಿಕೊಂಡವು. ಆಟಗಾರರ ಸಂಘವನ್ನು ಸಮಾಲೋಚನೆಗೆ ಕರೆಯಬೇಕೆಂಬ ತಮ್ಮದೇ ಕರಾರನ್ನು ಮರೆತರು. ೨೦೨೧ರ ಫೆಬ್ರುವರಿಯಲ್ಲಿ ಪಂಚಾಯತಿಯು ಆ ಮೇರೆಯನ್ನು ಅಕ್ರಮವೆಂದು ತಳ್ಳಿಹಾಕಿತು. ನೂರಿಪ್ಪತ್ತು ವರ್ಷಗಳಾದರೂ ಕೇಳದೆ ಕಟ್ಟುವ ಅಭ್ಯಾಸ ಹೋಗಲಿಲ್ಲವೆಂಬುದು ಸೋಜಿಗ.

ಬರಿ ಎಂಬ ಊರಿನ ಕ್ಲಬ್ಬನ್ನು ಇವರು ಎಲ್ಲರಿಗೂ ತೋರಿಸುವರು. ಅದು ಸಾಲದಲ್ಲಿ ಮುಳುಗಿ, ೨೦೧೯ರ ಆಗಸ್ಟಿನಲ್ಲಿ ಲೀಗಿನಿಂದ ಹೊರಹಾಕಲ್ಪಟ್ಟುದು ನಿಜ. ಆದರೆ ಅದು ಆಡುತ್ತಿದ್ದ ಕೆಳಶ್ರೇಣಿಯಲ್ಲಿ ವೇತನವು ಆದಾಯದ 'ಶೇಕಡಾ ೫೫ನ್ನು ಮೀರಬಾರದು' ಎಂಬ ಮಿತಿಯು ಆಗಲೇ ಜಾರಿಯಲ್ಲಿದ್ದಿತು! ಮಾಲಿಕನು ತಂದು ಸುರಿದ ಹಣವನ್ನೂ ಆದಾಯದಲ್ಲಿ ಸೇರಿಸಿ ಎಣಿಸುವ ಕಿಂಡಿಯೂ ಆ ನಿಯಮದಲ್ಲಿದ್ದಿತು. ಕೊಟ್ಟ ಮಾತನ್ನು ನಡೆಸದ ಮಾಲಿಕತನವನ್ನು ಬಿಟ್ಟು ಆಟಗಾರನ ಸಂಬಳವನ್ನು ಹಿಡಿಯುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆಯೇ ಸರಿ. ಆ ಕ್ಲಬ್ಬಿನ ಕೊನೆಯ ತಿಂಗಳುಗಳಲ್ಲಿ ಆಟಗಾರರು ಸಂಬಳವಿಲ್ಲದೆಯೇ ಆಡಿದರು.

ಬರಿ ಕ್ಲಬ್ಬು ಹುಟ್ಟಿದುದು ೧೮೮೫ರಲ್ಲಿ, ಹಣ ಪಡೆದು ಆಡುವುದು ಧರ್ಮಸಮ್ಮತವಾದ ವರ್ಷದಲ್ಲಿಯೇ. ೧೯೦೩ರ ಕಪ್ಪಿನ ಕೊನೆಯ ಪಂದ್ಯದಲ್ಲಿ ಅದು ಡಾರ್ಬಿಯನ್ನು ಆರು ಸೊನ್ನೆಯಿಂದ ಸೋಲಿಸಿತು. ಅಷ್ಟು ದೊಡ್ಡ ಗೆಲುವನ್ನು ಆ ಪಂದ್ಯದಲ್ಲಿ ಮತ್ತೆ ಸರಿಗಟ್ಟಿದವರು ಮ್ಯಾಂಚೆಸ್ಟರ್ ಸಿಟಿಯವರು, ೨೦೧೯ರ ಮೇ ತಿಂಗಳಿನಲ್ಲಿ. ಬರಿ ಹೊರಬಿದ್ದುದು ಅದಾದ ಮೂರು ತಿಂಗಳಿಗೆ. ಎರಡು ಊರುಗಳ ನಡುವೆ ಹತ್ತು ಮೈಲಿಯೂ ಇಲ್ಲ.